ಸ್ಟೀಲ್ ಫ್ರೇಮೋ, ಅಲ್ಯೂಮಿನಿಯಂ ಫ್ರೇಮೋ? ದಿನಾ ಕೆಲಸಕ್ಕೆ ತುಳಿಯುವ ಸೈಕಲ್ಲಿಗೆ ಒಂದು ಹೋಲಿಕೆ

ಸ್ಟೀಲ್ ಸೈಕಲ್ ಕೊಡಿ ಅಂದರೆ ಅಂಗಡಿಯಲ್ಲಿ ಎರಡು ಬೇರೆ ಬೇರೆ ಲೋಹ ಮುಂದೆ ಬರಬಹುದು. ಒಂದು ಹೈ-ಟೆನ್: ಹಾಲಿನವರ ಸೈಕಲ್ಲಿನಿಂದ ಅಗ್ಗದ ಗೇರ್ ಸೈಕಲ್ಲಿನವರೆಗೆ ಬಳಸುವ ದಪ್ಪ ಗೋಡೆಯ ಉಕ್ಕು. ಇನ್ನೊಂದು ಕ್ರೋಮೋಲಿ: ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು. ಸ್ಟಿಕರಿನ ಮೇಲೆ 4130 ಎಂದಿರುತ್ತದೆ. ಇದರ ಬಲ ಹೆಚ್ಚು, ಹಾಗಾಗಿ ಪೈಪನ್ನು ತುದಿಯಲ್ಲಿ 0.9 ಮಿ.ಮೀ., ನಡುವೆ 0.6 ಮಿ.ಮೀ.ನಷ್ಟು ತೆಳ್ಳಗೆ ಎಳೆಯಬಹುದು. ‘ಸ್ಟೀಲ್ ಅಂದ್ರೆ ಮೈಗೆ ಹಿತ’ ಎನ್ನುವ ಹೊಗಳಿಕೆ ಸಲ್ಲಬೇಕಾದ್ದು ಈ ತೆಳು ಪೈಪಿಗೆ. ಅಂಗಡಿಯಲ್ಲಿ ಅದನ್ನು ಹೈ-ಟೆನ್‌ಗೆ ಹಚ್ಚಿ ಮಾರುತ್ತಾರೆ. ಆದ್ದರಿಂದ ಹೋಲಿಸಬೇಕಾದ್ದು ಎರಡನ್ನಲ್ಲ, ಮೂರನ್ನು.

ಫ್ರಿಜ್ಜಿನ ಆಯಸ್ಕಾಂತ ಹಿಡಿದರೆ ಸ್ಟೀಲೋ ಅಲ್ಲವೋ ತಿಳಿಯುತ್ತದೆ, ಯಾವ ಸ್ಟೀಲು ಎಂದು ತಿಳಿಯದು. ಸ್ಟಿಕರನ್ನೂ ಪೂರ್ತಿ ಓದಿ. ‘ಮುಖ್ಯ ಮೂರು ಪೈಪು ಕ್ರೋಮೋಲಿ’ ಎಂದಿದ್ದರೆ ಹಿಂದಿನ ಚಕ್ರ ಹಿಡಿಯುವ ತ್ರಿಕೋನ ಹೈ-ಟೆನ್ ಎಂದೇ ಅರ್ಥ.

ಮೊದಲು ತೂಕ. ಬರೀ ಫ್ರೇಮನ್ನು ತಕ್ಕಡಿಗೆ ಹಾಕಿದರೆ ಹೈ-ಟೆನ್ 3 ಕೆ.ಜಿ. ಆಸುಪಾಸು, ಕ್ರೋಮೋಲಿ 2ರಿಂದ 2.5, ಅಲ್ಯೂಮಿನಿಯಂ 1.6ರಿಂದ 2. ಸವಾರ 70, ಸೈಕಲ್ 13, ಬ್ಯಾಗು 5 ಕೆ.ಜಿ. ಎಂದಿಟ್ಟುಕೊಂಡರೆ ಒಂದು ಕೆ.ಜಿ. ವ್ಯತ್ಯಾಸ ಒಟ್ಟು ಭಾರದ ನೂರಕ್ಕೆ ಒಂದು ಪಾಲು. ಒಂದು ನಿಮಿಷದಲ್ಲಿ ಏರುವ ಫ್ಲೈಓವರಿಗೆ ಒಂದು ಸೆಕೆಂಡೂ ಜಾಸ್ತಿ ಬೇಡ. ಆದರೆ ಲಿಫ್ಟಿಲ್ಲದ ಮೂರನೇ ಮಹಡಿಗೆ ದಿನಾ ಎರಡು ಸಲ ಹೆಗಲ ಮೇಲೆ ಹೊರುವವರಿಗೆ ಆ ಒಂದು ಕೆ.ಜಿ. ಚೆನ್ನಾಗಿಯೇ ಗೊತ್ತಾಗುತ್ತದೆ, ಅವರು ಅಲ್ಯೂಮಿನಿಯಂ ತಗೊಳ್ಳಲಿ. ಒಂದು ಎಚ್ಚರ: ಅಗ್ಗದ ಸಸ್ಪೆನ್ಷನ್ ಫೋರ್ಕು ಒಂದೇ ಸುಮಾರು 2.5 ಕೆ.ಜಿ. ತೂಗುತ್ತದೆ. ಫ್ರೇಮಿನಲ್ಲಿ ಉಳಿಸಿದ್ದನ್ನು ಅದು ನುಂಗಿ, ಮೇಲೆ ಇನ್ನಷ್ಟು ಸೇರಿಸುತ್ತದೆ. ಡಾಂಬರು ರಸ್ತೆಯ ಓಡಾಟಕ್ಕೆ ಅದು ಬೇಡವೇ ಬೇಡ.

ಅಲ್ಯೂಮಿನಿಯಂ ಒರಟು ಎಂಬ ಮಾತು ಸುಳ್ಳಲ್ಲ, ಅರ್ಧ ಸತ್ಯ. ಸಾಂದ್ರತೆಯಲ್ಲಿ ಅದು ಸ್ಟೀಲಿನ ಮೂರನೇ ಒಂದರಷ್ಟು, ಬಾಗದಿರುವ ಗುಣದಲ್ಲೂ ಮೂರನೇ ಒಂದರಷ್ಟೇ. ಆ ಕೊರತೆ ತುಂಬಲು ಪೈಪನ್ನು ದಪ್ಪ ಮಾಡುತ್ತಾರೆ. ಸ್ಟೀಲ್ ಡೌನ್‌ಟ್ಯೂಬು (ಹ್ಯಾಂಡಲ್ ಕಡೆಯಿಂದ ಪೆಡಲ್ಲಿನತ್ತ ಇಳಿಯುವ ಪೈಪು) 28.6 ಅಥವಾ 31.8 ಮಿ.ಮೀ. ಇದ್ದರೆ ಅಲ್ಯೂಮಿನಿಯಂದು 40 ದಾಟುತ್ತದೆ. ವ್ಯಾಸ ಹೆಚ್ಚಿದಂತೆ ಬಿಗಿ ಅದರ ಘನದ ಲೆಕ್ಕದಲ್ಲಿ ಏರುವುದರಿಂದ ಫ್ರೇಮು ಕೊನೆಗೆ ಸ್ಟೀಲಿಗಿಂತ ಬಿಗಿಯಾಗಿಯೇ ನಿಲ್ಲುತ್ತದೆ. ಆದರೂ ಎರಡಕ್ಕೂ ಅದೇ ಚಕ್ರ, ಅದೇ 35 ಮಿ.ಮೀ. ಟೈರು, ಅದೇ 50 ಪಿಎಸ್ಐ ಗಾಳಿ, ಅದೇ ಸೀಟು ಹಾಕಿ ಅದೇ ಹಂಪ್ಸಿನ ಮೇಲೆ ಓಡಿಸಿದರೆ ವ್ಯತ್ಯಾಸ ಹುಡುಕಿ ಹಿಡಿಯಬೇಕು. 25 ಮಿ.ಮೀ. ಟೈರಿಗೆ 90 ಪಿಎಸ್ಐ ತುಂಬಿ ಓಡಿಸಿ ಬೈಗುಳ ಫ್ರೇಮಿಗೆ ಹಾಕುವುದು ನ್ಯಾಯವಲ್ಲ. ಕೈ ಜೋಮು ಹಿಡಿಯುತ್ತಿದ್ದರೆ ಫ್ರೇಮು ಬದಲಿಸುವ ಮುನ್ನ ಟೈರು ಬದಲಿಸಿ.

ನಿಜವಾದ ಜಗಳ ಇರುವುದು ಮಳೆಯಲ್ಲಿ. ಹಿಂದಿನ ಚಕ್ರ ಎರಚುವ ನೀರು ಸೀಟ್ ಕ್ಲ್ಯಾಂಪಿನ ಸೀಳಿನಿಂದ ಒಳಗಿಳಿದು, ಪೆಡಲ್ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ ಗೂಡಿನಲ್ಲಿ ನಿಲ್ಲುತ್ತದೆ. ಸ್ಟೀಲ್ ಫ್ರೇಮು ಕೊಳೆಯಲು ಶುರುವಾಗುವುದು ಇಲ್ಲಿಂದ. ಹೊರಗೆ ಪೇಂಟು ಹೊಳೆಯುತ್ತಿರುತ್ತದೆ, ಒಳಗೆ ಪೈಪು ತಿಂದುಹೋಗಿರುತ್ತದೆ. ಗೂಡಿನ ಅಡಿಯಲ್ಲಿ ತೂತಿಲ್ಲದಿದ್ದರೆ ಬ್ರಾಕೆಟ್ ಬಿಚ್ಚಿದಾಗಲೇ 5 ಮಿ.ಮೀ. ತೂತು ಹೊಡೆಸಿ, ಅಂಚಿಗೆ ಪೇಂಟು ಮುಟ್ಟಿಸಿ. (ಸಾಮಾನ್ಯ ಬಿಎಸ್ಎ ಥ್ರೆಡ್ಡಿನಲ್ಲಿ ಬ್ರಾಕೆಟ್ಟನ್ನು ಗೂಡಿಗೆ ಬಿಗಿಯುವ ಎರಡು ಕಪ್‌ಗಳಲ್ಲಿ ಚೈನಿನ ಬದಿಯದು ಉಲ್ಟಾ ಥ್ರೆಡ್ಡು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ.) ಅದೇ ಹೊತ್ತಿಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್ 30–40 ಮಿ.ಲೀ. ಒಳಗೆ ಸುರಿದು, ಫ್ರೇಮನ್ನು ಎಲ್ಲ ದಿಕ್ಕಿಗೂ ಉರುಳಿಸಿ, ಮೂರು ದಿನ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೇ ಬೆಂಕಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಅಲ್ಯೂಮಿನಿಯಂಗೆ ಈ ಉಪಚಾರ ಬೇಕಿಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ, ಮೇಲೆ ಕಡಲ ಉಪ್ಪು ಗಾಳಿಯಿರುವ ಮಂಗಳೂರಿನಲ್ಲಿ ಅದೇ ಸರಿ. ಆದರೆ ಸ್ಟೀಲ್ ಬೋಲ್ಟು ಕೂತ ಕಡೆಯೆಲ್ಲ ಬಿಳಿ ಪುಡಿ ಏಳುತ್ತದೆ. ಕ್ಯಾರಿಯರಿನ ಎಂ5 (5 ಮಿ.ಮೀ.) ಬೋಲ್ಟು ಹೀಗೆ ಕಚ್ಚಿಕೊಂಡಾಗ ಬಲವಂತ ಮಾಡಿದರೆ ಫ್ರೇಮಿನ ಥ್ರೆಡ್ಡೇ ಕಿತ್ತು ಬರುತ್ತದೆ. ಸ್ಟೀಲಾದರೆ ಒಂದು ಅಳತೆ ದೊಡ್ಡದಾದ ಎಂ6 ಬೋಲ್ಟಿಗೆ ಹೊಸ ಥ್ರೆಡ್ಡು ಕೊರೆಸಿ ಸುಧಾರಿಸಬಹುದು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬೋಲ್ಟಿನ ತೂತಿನ ಸುತ್ತ ಅಷ್ಟು ಲೋಹವೇ ಉಳಿದಿರುವುದಿಲ್ಲ. ಮಳೆಗಾಲದ ಮೊದಲು ಪ್ರತಿ ಬೋಲ್ಟಿಗೂ ಗ್ರೀಸು ಹಚ್ಚಿ ಕೂರಿಸಿ.

ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್‌ಪೋಸ್ಟು (ಸೀಟನ್ನು ಹೊರುವ ಕಂಬ) ಇದ್ದರೆ ಇನ್ನೂ ಕಷ್ಟ. ಎರಡು ಲೋಹ, ನಡುವೆ ನೀರು: ಬ್ಯಾಟರಿಯ ಹಾಗೆ ಕೆಲಸ ಮಾಡಿ, ಪೋಸ್ಟು ಉಬ್ಬಿ ಕಚ್ಚಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ಹೊರಗೆಳೆದು, ಒರೆಸಿ, ಗ್ರೀಸು ಹಚ್ಚಿ ಹಾಕಿದರೆ ಸಾಕು. ಎಷ್ಟು ಮಾಡಿದರೂ ಬಾರದೆ ಕಾಸ್ಟಿಕ್ ಸೋಡಾದಲ್ಲಿ ಪೋಸ್ಟನ್ನು ಕರಗಿಸಿ ತೆಗೆಯುವ ಕೊನೆಯ ಉಪಾಯ ಸ್ಟೀಲ್ ಫ್ರೇಮಿಗೆ ಮಾತ್ರ. ಅದನ್ನೂ ಬಯಲಿನಲ್ಲಿ, ಗ್ಲೌಸು ಕನ್ನಡಕ ಹಾಕಿಕೊಂಡೇ ಮಾಡಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಅದೇ ಸೋಡಾ ಸುರಿದರೆ ಪೋಸ್ಟಿನ ಜೊತೆ ಫ್ರೇಮೂ ಕರಗುತ್ತದೆ.

‘ಸ್ಟೀಲಾದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ರಿಪೇರಿ ಆಗುತ್ತೆ’ ಎಂಬುದು ಹೈ-ಟೆನ್ ಮಟ್ಟಿಗೆ ಪಕ್ಕಾ. ಗ್ಯಾಸ್ ಹಚ್ಚಿ ಹಿತ್ತಾಳೆ ಬೆಸುಗೆ ಹಾಕಿದರೆ ವರ್ಷಗಟ್ಟಲೆ ನಡೆಯುತ್ತದೆ. ಗೇಟು, ಗ್ರಿಲ್ಲು ಮಾಡುವ ಆರ್ಕ್ ವೆಲ್ಡಿಂಗಿಗೆ ಕ್ರೋಮೋಲಿ ಕೊಟ್ಟರೆ 0.6 ಮಿ.ಮೀ. ಗೋಡೆ ತೂತು ಬೀಳುತ್ತದೆ. ಅಲ್ಯೂಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಇದೆ, ನೋಡಲು ಚೆಂದವಾಗಿಯೂ ಕೂರುತ್ತದೆ. ಆದರೆ ಫ್ರೇಮಿಗೆ ಬಳಸುವ 6061-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಬಲ ಬಂದಿರುವುದೇ ಶಾಖೋಪಚಾರದಿಂದ. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಇಡೀ ಫ್ರೇಮನ್ನು 530 ಡಿಗ್ರಿ ಆಸುಪಾಸಿಗೆ ಕಾಸಿ, ತಣಿಸಿ, ಮತ್ತೆ ಗಂಟೆಗಟ್ಟಲೆ ಹದ ಮಾಡಬೇಕು. ಅದನ್ನು ಯಾವ ಬೀದಿ ಅಂಗಡಿಯೂ ಮಾಡದು. ಮುರಿದ ಅಲ್ಯೂಮಿನಿಯಂ ಫ್ರೇಮು ಗುಜರಿಗೆ.

ಹಿಂದಿನ ಚಕ್ರ ಹಿಡಿಯುವ ಎರಡು ಕಾಲುಗಳ ನಡುವಿನ ಅಂತರ ಹಿಗ್ಗಿಸುವುದೂ ಹೀಗೇ. 126 ಮಿ.ಮೀ.ನ ಹಳೆ ಸ್ಟೀಲ್ ಫ್ರೇಮನ್ನು ಎರಡೂ ಬದಿ 2 ಮಿ.ಮೀ. ಬಗ್ಗಿಸಿ 130ರ ಹಬ್ (ಚಕ್ರದ ನಡುಭಾಗ) ಕೂರಿಸಬಹುದು. ಅಲ್ಯೂಮಿನಿಯಂ ಜೊತೆ ಆ ಆಟ ಬೇಡ.

ದಿನಾ 15–20 ಕೆ.ಜಿ. ಹೇರುವವರಿಗೆ, ಚಿಕ್ಕ ಊರಿನವರಿಗೆ ಹೈ-ಟೆನ್ ನಾಚಿಕೆಪಡುವಂಥದ್ದಲ್ಲ. ದುಡ್ಡಿದ್ದು, ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ತಾಳ್ಮೆಯಿದ್ದರೆ ಕ್ರೋಮೋಲಿ. ಬೆಂಗಳೂರಿನ ಮಾಮೂಲಿ ಆಫೀಸು ಓಡಾಟಕ್ಕೆ ಸಸ್ಪೆನ್ಷನ್ ಇಲ್ಲದ ಫೋರ್ಕಿನ ಅಲ್ಯೂಮಿನಿಯಂ ಸಾಕು.

ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ತಗೊಳ್ಳುವಾಗ ಮಾತ್ರ ಅವಸರ ಬೇಡ. ಸ್ಟೀಲು ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಸಲ ಬೇಕಾದರೂ ತಾಳುತ್ತದೆ, ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಪ್ರತಿ ಗುಂಡಿಯ ಲೆಕ್ಕವೂ ಅದರೊಳಗೆ ಕೂಡುತ್ತ ಹೋಗುತ್ತದೆ. ಸೈಕಲ್ ತಲೆಕೆಳಗು ನಿಲ್ಲಿಸಿ, ಹೆಡ್‌ಟ್ಯೂಬಿನ (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪಿನ) ಹಿಂದೆ ಡೌನ್‌ಟ್ಯೂಬಿನ ಅಡಿ, ಸೀಟ್ ಕ್ಲ್ಯಾಂಪಿನ ಕೆಳಗೆ, ಬ್ರಾಕೆಟ್ ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೆರೆ ಕಂಡರೆ ಅದರ ಮೇಲೆ ಉಗುರು ಅಡ್ಡ ಎಳೆಯಿರಿ. ಪೇಂಟಿನ ಗೀರಾದರೆ ಉಗುರು ಜಾರುತ್ತದೆ. ಉಗುರು ಸಿಕ್ಕಿಕೊಂಡು, ಗೆರೆ ಬೆಸುಗೆಯ ಅಂಚಿನುದ್ದಕ್ಕೂ ಓಡಿದ್ದರೆ ಸೈಕಲ್ಲನ್ನು ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಅಗ್ಗವಿರಲಿ.