5 ಇಂಚಿನ ರೇಸಿಂಗ್ ಡ್ರೋನ್, ಎರಡು ಮಳೆಗಾಲದ ನಂತರ: ಉಳಿದದ್ದೇನು, ಕೈಕೊಟ್ಟದ್ದೇನು

5 ಇಂಚಿನ ಪ್ರಾಪ್ (ತಿರುಗುವ ರೆಕ್ಕೆ) ಇರುವ ಇದು ಡಬ್ಬ ಒಡೆದು ಹಾರಿಸುವ ಡ್ರೋನ್ ಅಲ್ಲ, ಬಿಡಿಭಾಗ ತಂದು ಮನೆಯಲ್ಲಿ ಜೋಡಿಸಿದ್ದು. ಹಾಗಾಗಿ ಒಂದು ಕಂಪನಿಗೆ ಇಷ್ಟು ನಕ್ಷತ್ರ ಅನ್ನುವ ಬದಲು ಭಾಗಭಾಗವಾಗಿಯೇ ಹೇಳಬೇಕು. ಒಳಗೆ ಇರುವುದು: 5 ಮಿ.ಮೀ. ದಪ್ಪದ ಬಿಡಿ ಆರ್ಮ್‌ಗಳ ಕಾರ್ಬನ್ ಫ್ರೇಮ್, 2207 ಅಳತೆಯ 1950 ಕೆವಿ (ಒಂದು ವೋಲ್ಟ್‌ಗೆ ಎಷ್ಟು ಸುತ್ತು ಎಂಬ ಅಳತೆ) ಮೋಟರ್ ನಾಲ್ಕು, 55 ಆಂಪಿಯರ್‌ನ ಫೋರ್-ಇನ್-ಒನ್ ಇಎಸ್‌ಸಿ (ನಾಲ್ಕೂ ಮೋಟರ್‌ಗಳ ವೇಗ ನಿಯಂತ್ರಿಸುವ ಬೋರ್ಡ್), ಎಫ್7 ಚಿಪ್‌ನ ಫ್ಲೈಟ್ ಕಂಟ್ರೋಲರ್ (ಡ್ರೋನಿನ ಮೆದುಳು), 2.4 ಗಿಗಾಹರ್ಟ್ಸ್‌ನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರಿಸೀವರ್ (ರಿಮೋಟ್‌ನ ಸಿಗ್ನಲ್ ಹಿಡಿಯುವುದು), ಅನಲಾಗ್ ಕ್ಯಾಮೆರಾ ಮತ್ತು ವಿಟಿಎಕ್ಸ್ (ಹಾರಿಸುವವರ ಗಾಗಲ್ಸ್‌ಗೆ ಚಿತ್ರ ಕಳಿಸುವುದು), 6ಎಸ್ (ಆರು ಸೆಲ್‌ನ) 1300 ಎಂಎಎಚ್ ಲಿಪೊ ಬ್ಯಾಟರಿ. ಬ್ಯಾಟರಿ ಸೇರಿ 600 ಗ್ರಾಂ ಆಸುಪಾಸು.

ತೀರ್ಪು ಮೊದಲೇ ಹೇಳಿಬಿಡುವುದಾದರೆ, ದುಬಾರಿ ಭಾಗಗಳು ಕೆಡುವುದು ಕಡಿಮೆ. ಡ್ರೋನನ್ನು ನೆಲಕ್ಕೆ ಕೆಡವುವುದು ಬೆಸುಗೆ, ಸ್ಕ್ರೂ, ತಂತಿ ಮತ್ತು ಬ್ಯಾಟರಿ. ಎಫ್7 ಸಾಕೋ ಇನ್ನೂ ವೇಗದ ಎಚ್7 ಚಿಪ್ ಬೇಕೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಆ ವ್ಯತ್ಯಾಸದ ದುಡ್ಡನ್ನು ಒಳ್ಳೆಯ ಸೋಲ್ಡರಿಂಗ್ ಐರನ್‌ಗೆ ಹಾಕಲಿ.

ರೆಡಿಮೇಡ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. 2022ರ ಫೆಬ್ರವರಿ 9ರ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅಧಿಸೂಚನೆ ವಿದೇಶದಿಂದ ಪೂರ್ತಿ ಡ್ರೋನ್ ತರಿಸುವುದನ್ನೂ ಅರ್ಧಂಬರ್ಧ ಜೋಡಿಸಿದ ಅಥವಾ ಬಿಚ್ಚಿಟ್ಟ ಕಿಟ್ ತರಿಸುವುದನ್ನೂ ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಬಿಡಿಭಾಗಗಳಿಗೆ ಆ ನಿರ್ಬಂಧ ಇಲ್ಲ. ಮೋಟರ್, ಇಎಸ್‌ಸಿ ಥರದವು ದೇಶದೊಳಗಿನ ಆನ್‌ಲೈನ್ ಅಂಗಡಿಗಳಲ್ಲೇ ಸಿಗುತ್ತವೆ. ಸಿಲಿಕೋನ್ ವೈರ್, ಎಕ್ಸ್‌ಟಿ60 (ಬ್ಯಾಟರಿ ಕನೆಕ್ಟರ್), ಹೀಟ್ ಶ್ರಿಂಕ್ (ಬೆಸುಗೆ ಮುಚ್ಚುವ ಕೊಳವೆ), ಕೆಪಾಸಿಟರ್, ಎಂ3 ಸ್ಕ್ರೂಗಳಿಗೆ ಬೆಂಗಳೂರಿನ ಎಸ್‌ಪಿ ರೋಡ್ ಸಾಕು. ಅಲ್ಲಿ ವೈರ್ ಕೊಳ್ಳುವಾಗ ‘12 ಗೇಜ್’ ಅಂದರೆ ಸಾಲದು, ತುದಿ ಸುಲಿದು ನೋಡಿ: ಒಳಗೆ ಕೂದಲಿನಂಥ ನೂರಾರು ಎಳೆ ಇರಬೇಕು. ದಪ್ಪನೆಯ ನಾಲ್ಕಾರು ಎಳೆಗಳಿದ್ದರೆ ಅದು ಬಾಗುವುದಿಲ್ಲ, ಅದರ ಎಳೆತಕ್ಕೆ ಬೋರ್ಡಿನಲ್ಲಿ ವೈರ್ ಬೆಸೆಯುವ ಪ್ಯಾಡೇ ಕಿತ್ತು ಬರುತ್ತದೆ.

ಬೆಸುಗೆಗೆ ಬರೋಣ, ಇಲ್ಲೇ ಅರ್ಧ ಜನ ಸೋಲುವುದು. ಇಎಸ್‌ಸಿಯ ಬ್ಯಾಟರಿ ಪ್ಯಾಡ್‌ನ ಹಿಂದೆ ಅಗಲವಾದ ತಾಮ್ರದ ಪದರ ಇದೆ, ಅದು ಶಾಖವನ್ನೆಲ್ಲ ಹೀರುತ್ತದೆ. 25 ವ್ಯಾಟ್‌ನ ಐರನ್ ಇಟ್ಟರೆ ಸೋಲ್ಡರ್ ಮೇಲೆ ಕರಗಿದಂತೆ ಕಾಣುತ್ತದೆ, ಕೆಳಗೆ ಹಿಡಿದಿರುವುದಿಲ್ಲ. ಹಾರಾಟದಲ್ಲಿ ಕರೆಂಟ್ 100 ಆಂಪಿಯರ್ ದಾಟಿದಾಗ ಆ ಜಾಗ ಕಾದು ಬಿಟ್ಟುಕೊಳ್ಳುತ್ತದೆ. 60 ವ್ಯಾಟ್‌ಗಿಂತ ಮೇಲಿನದು, ಅಗಲ ಉಳಿ ಆಕಾರದ ತುದಿ, 400 ಡಿಗ್ರಿ, 63/37 ಸೀಸದ ಸೋಲ್ಡರ್, ಕೈ ಬಿಚ್ಚಿ ಫ್ಲಕ್ಸ್. ಪ್ಯಾಡ್‌ಗೂ ವೈರಿಗೂ ಮೊದಲು ಬೇರೆಬೇರೆಯಾಗಿ ಸೋಲ್ಡರ್ ಹತ್ತಿಸಿ, ಆಮೇಲೆ ಕೂಡಿಸಿ. ಎಕ್ಸ್‌ಟಿ60ಗೆ ಬೆಸುಗೆ ಹಾಕುವಾಗ ಅದರ ಜೋಡಿ ಕನೆಕ್ಟರನ್ನು ಸಿಕ್ಕಿಸಿಡಿ, ಇಲ್ಲವಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ವಾರೆಯಾಗುತ್ತದೆ. ಬೆಸುಗೆ ಮುಗಿದ ಮೇಲೆ ನೋಡಿದರೆ ಹೊಳೆಯಬೇಕು. ಮಂಕಾಗಿ ತರಿತರಿಯಾಗಿದ್ದರೆ ಮತ್ತೆ ಕರಗಿಸಿ.

ಅದೇ ಪ್ಯಾಡ್‌ಗೆ 1000 ಮೈಕ್ರೊಫ್ಯಾರಡ್, 35 ವೋಲ್ಟ್‌ನ ಲೋ-ಇಎಸ್‌ಆರ್ (ಒಳ ಪ್ರತಿರೋಧ ಕಡಿಮೆ ಇರುವ) ಕೆಪಾಸಿಟರ್ ಕಡ್ಡಾಯ. 6ಎಸ್ ತುಂಬಿದಾಗ 25.2 ವೋಲ್ಟ್, ಆದ್ದರಿಂದ 25 ವೋಲ್ಟ್‌ನ ಕೆಪಾಸಿಟರ್ ಹಾಕುವ ಮಾತೇ ಇಲ್ಲ. ಥ್ರಾಟಲ್ ದಿಢೀರ್ ಇಳಿಸಿದಾಗ ಮೋಟರ್‌ಗಳು ವಾಪಸ್ ದೂಡುವ ವೋಲ್ಟೇಜ್ ಅದಕ್ಕಿಂತಲೂ ಮೇಲೆ ಚಿಮ್ಮುತ್ತದೆ. ಕಾಲುಗಳನ್ನು ಗಿಡ್ಡ ಮಾಡಿ, ಕೆಪಾಸಿಟರನ್ನು ಫ್ರೇಮ್‌ಗೆ ಬಿಗಿಯಾಗಿ ಕಟ್ಟಿ. ದೀರ್ಘ ಬಳಕೆಯಲ್ಲಿ ಸದ್ದಿಲ್ಲದೆ ಹೋಗುವುದು ಇದೇ, ಅದುರಿ ಅದುರಿ ಕಾಲು ತುಂಡಾಗಿರುತ್ತದೆ. ಮೊದಲ ಲಕ್ಷಣ ಗಾಗಲ್ಸ್‌ನಲ್ಲಿ ಕಾಣುತ್ತದೆ: ಥ್ರಾಟಲ್ ಏರಿಸಿದಾಗಲೆಲ್ಲ ಚಿತ್ರದಲ್ಲಿ ಗೆರೆಗಳು. ಕ್ಯಾಮೆರಾ ಬದಲಿಸುವ ಮುಂಚೆ ಕೆಪಾಸಿಟರ್ ಅಲ್ಲಾಡಿಸಿ ನೋಡಿ.

ಸ್ಕ್ರೂ ವಿಷಯ ಚಿಕ್ಕದು, ಆದರೆ ಮೋಟರ್ ಸುಡುತ್ತದೆ. 5 ಮಿ.ಮೀ. ಆರ್ಮ್‌ಗೆ ಎಂ3×8 ಸರಿ. ನಡುವೆ ಟಿಪಿಯು (ರಬ್ಬರಿನಂಥ ಪ್ಲಾಸ್ಟಿಕ್) ಪ್ಯಾಡ್ ಹಾಕಿದರೆ ಅದರ ದಪ್ಪದಷ್ಟೇ ಉದ್ದ ಸೇರಿಸಿ, ಹೆಚ್ಚಲ್ಲ. ಉದ್ದ ಜಾಸ್ತಿಯಾದರೆ ಸ್ಕ್ರೂ ತುದಿ ಸುರುಳಿಯ ಎನಾಮೆಲ್ ಗೀರುತ್ತದೆ. ಮೋಟರನ್ನು ಇಎಸ್‌ಸಿಗೆ ಬೆಸೆಯುವ ಮೊದಲು ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿ ಸ್ಕ್ರೂಗೆ, ಇನ್ನೊಂದು ಮೋಟರ್ ವೈರ್‌ಗೆ ಹಿಡಿಯಿರಿ. ಬೀಪ್ ಬಂದರೆ ಅಲ್ಲಿಗೇ ನಿಲ್ಲಿಸಿ. ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಾಕುವ ಅಂಟು) ನೀಲಿಯದು ಸಾಕು, ಕೆಂಪಿನದು ಹಾಕಿದರೆ ಬಿಚ್ಚುವಾಗ ಸ್ಕ್ರೂ ತಲೆಯೇ ಸವೆಯುತ್ತದೆ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ ಎನ್ನುವುದನ್ನೂ ಮರೆಯಬೇಡಿ. ಆರ್ಮ್‌ನ ಚೂಪು ಅಂಚಿಗೆ ವೈರ್ ಉಜ್ಜಿದರೆ ಒಂದಲ್ಲ ಒಂದು ದಿನ ಹೊಗೆ ಖಚಿತ. ಅಂಚುಗಳನ್ನು ನೀರು ಹಾಕಿ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ವೈರ್ ಮೇಲೆ ಬಟ್ಟೆಯ ಟೇಪ್ ಸುತ್ತಿ. ಮೊದಲ ಸಲ ಬ್ಯಾಟರಿ ಕೊಡುವುದು ಸ್ಮೋಕ್ ಸ್ಟಾಪರ್ (ಶಾರ್ಟ್ ಇದ್ದರೆ ಕರೆಂಟ್ ತಡೆಯುವ ಸಾಧನ) ಮೂಲಕವೇ.

ಬೀಟಾಫ್ಲೈಟ್ (ಫ್ಲೈಟ್ ಕಂಟ್ರೋಲರ್‌ನ ತಂತ್ರಾಂಶ) ಸೆಟಪ್ ಬಗ್ಗೆ ಎಲ್ಲೆಲ್ಲೂ ಇದೆ, ಇಲ್ಲಿ ಎರಡೇ ಮಾತು. ಬೈಡೈರೆಕ್ಷನಲ್ ಡಿಶಾಟ್ (ಮೋಟರ್ ವೇಗವನ್ನು ಇಎಸ್‌ಸಿ ವಾಪಸ್ ತಿಳಿಸುವ ವ್ಯವಸ್ಥೆ) ಆನ್ ಮಾಡಿ, ಮೋಟರ್ ಪೋಲ್ (ಆಯಸ್ಕಾಂತಗಳ ಸಂಖ್ಯೆ) 14 ಎಂದಿದೆಯೇ ನೋಡಿ, ಮೋಟರ್‌ಗಳ ಅದುರುವಿಕೆ ಸೋಸುವ ಆರ್‌ಪಿಎಂ ಫಿಲ್ಟರ್ ಕೆಲಸ ಮಾಡುವುದು ಅದರ ಮೇಲೆಯೇ. ಫೇಲ್‌ಸೇಫ್ (ಸಿಗ್ನಲ್ ಹೋದಾಗ ಏನಾಗಬೇಕು ಎಂಬುದು) ‘ಡ್ರಾಪ್’ಗೆ ಇಟ್ಟು, ಪ್ರಾಪ್ ಇಲ್ಲದೆ ಮೋಟರ್ ತಿರುಗಿಸಿ, ರೇಡಿಯೊ ಆಫ್ ಮಾಡಿ ನಿಲ್ಲುತ್ತದೆಯೇ ಪರೀಕ್ಷಿಸಿ. ಫ್ಲೈಟ್ ಕಂಟ್ರೋಲರ್‌ನ ರಬ್ಬರ್ ಗ್ರಾಮೆಟ್ ಹಿಸುಕುವಷ್ಟು ನಟ್ ತಿರುಚಬೇಡಿ. ಹಿಸುಕಿದರೆ ಅದುರುವಿಕೆ ನೇರ ಗೈರೊಗೆ (ವಾಲುವಿಕೆ ಅಳೆಯುವ ಸೆನ್ಸರ್) ಹೋಗುತ್ತದೆ, ಮೋಟರ್ ಕಾಯುತ್ತದೆ. ಮೂವತ್ತು ಸೆಕೆಂಡ್ ಹಾರಿಸಿ ಇಳಿಸಿ, ಮೋಟರ್ ಮೇಲೆ ಬೆರಳಿಡಿ. ಇಡಲಾಗದಷ್ಟು ಬಿಸಿಯಿದ್ದರೆ ಬಾಗಿದ ಪ್ರಾಪ್, ಸಡಿಲ ಸ್ಕ್ರೂ ಹುಡುಕಿ. ಎರಡೂ ಸರಿ ಇದ್ದರೆ ಮಾತ್ರ ಬೀಟಾಫ್ಲೈಟ್‌ನ ಪಿಐಡಿ ಟ್ಯೂನಿಂಗ್‌ನಲ್ಲಿರುವ ಡಿ ಮೌಲ್ಯ ಇಳಿಸಿ.

ಬೆಂಗಳೂರಿಗೇ ಸಂಬಂಧಿಸಿದ ಎರಡು ವಿಷಯ ಜಾಹೀರಾತಿನಲ್ಲಿ ಸಿಗುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಸಾಂದ್ರತೆ 8–9% ಕಡಿಮೆ. ಹಾಗಾಗಿ ತಗ್ಗಿನ ಊರಲ್ಲಿ ಅಳೆದ ಥ್ರಸ್ಟ್ ಅಂಕಿ ಇಲ್ಲಿ ಪೂರ್ತಿ ಸಿಗದು. ಅದೇ ಡ್ರೋನ್ ಮಂಗಳೂರಿನಲ್ಲಿ ಇನ್ನೂ ಚುರುಕು. ಎರಡನೆಯದು ಕೆಮ್ಮಣ್ಣು. ಮೈದಾನದ ಧೂಳಿನಲ್ಲಿರುವ ಕಬ್ಬಿಣದ ಕಣಗಳು ಮೋಟರ್ ಬೆಲ್ (ತಿರುಗುವ ಹೊರಕವಚ) ಒಳಗಿನ ಆಯಸ್ಕಾಂತಕ್ಕೆ ಅಂಟುತ್ತವೆ. ಊದಿದರೆ ಹೋಗುವುದಿಲ್ಲ. ಬೆಲ್ ಬಿಚ್ಚಿ ಅಂಟುಟೇಪನ್ನು ಮಡಚಿ ಒತ್ತಿ ತೆಗೆಯಬೇಕು. ಬಿಟ್ಟರೆ ಬೇರಿಂಗ್ ಗರಗರ ಅನ್ನುತ್ತದೆ, ವಿಡಿಯೊದಲ್ಲಿ ಚಿತ್ರ ಜೆಲ್ಲಿಯಂತೆ ಅಲ್ಲಾಡುತ್ತದೆ. 2207ಕ್ಕೆ ಸಾಮಾನ್ಯವಾಗಿ 9×4×4 ಮಿ.ಮೀ. ಬೇರಿಂಗ್ ಹೊಂದುತ್ತದೆ, ಮೋಟರ್ ಎಸೆಯಬೇಕಿಲ್ಲ. ಮಳೆಗಾಲದ ಒದ್ದೆ ಹುಲ್ಲಿಗೆ ಇಎಸ್‌ಸಿ, ಫ್ಲೈಟ್ ಕಂಟ್ರೋಲರ್ ಎರಡಕ್ಕೂ ಸಿಲಿಕೋನ್ ಕೋಟಿಂಗ್ ಬಳಿಯಿರಿ. ಯುಎಸ್‌ಬಿ ಪೋರ್ಟ್, ಬೂಟ್ ಬಟನ್, ಬಾರೊಮೀಟರ್ ಬಿಟ್ಟು. ಈ ಜೋಡಣೆ ಎರಡು ಮಳೆಗಾಲ ದಾಟಿದ್ದು ಆ ಲೇಪನದಿಂದಲೇ.

ವಿಟಿಎಕ್ಸ್ ಆಂಟೆನಾ ಇಲ್ಲದೆ ಆನ್ ಮಾಡಿದರೆ ಸುಟ್ಟಂತೆಯೇ. ಮೇಜಿನ ಮೇಲೆ ಗಾಳಿ ಇಲ್ಲದೆ ಹೆಚ್ಚು ಹೊತ್ತು ಬಿಟ್ಟರೂ ಕಾಯುತ್ತದೆ, ಒಂದು ಫ್ಯಾನ್ ತಿರುಗಿಸಿಡಿ. ಗುಂಪಿನಲ್ಲಿ ಹಾರಿಸುವಾಗ 25 ಮಿಲಿವ್ಯಾಟ್ ಸಾಕು. ರೇಸ್‌ಬ್ಯಾಂಡ್ ಎಂಬ ವಿಡಿಯೊ ತರಂಗಪಟ್ಟಿಯ ಚಾನೆಲ್‌ಗಳ ನಡುವೆ 37 ಮೆಗಾಹರ್ಟ್ಸ್ ಮಾತ್ರ ಅಂತರ, ಪಕ್ಕದವನ ಶಕ್ತಿ ಹೆಚ್ಚಾದರೆ ನಿಮ್ಮ ಚಿತ್ರ ಮಾಯ.

ಕಡಿಮೆ ಅಂಕ ಬ್ಯಾಟರಿಗೆ. ಜೋರಾಗಿ ಹಾರಿಸಿದರೆ ಎರಡು–ಮೂರು ನಿಮಿಷ ಅಷ್ಟೇ. ಲೋಡಿನಲ್ಲಿ ಸೆಲ್‌ಗೆ 3.5 ವೋಲ್ಟ್ ಬಂದ ತಕ್ಷಣ ಇಳಿಸಬೇಕು, ಚಾರ್ಜ್ 1.3 ಆಂಪಿಯರ್‌ನಲ್ಲಿ, ಎಲ್ಲ ಸೆಲ್ ಸಮವಾಗಿ ತುಂಬುವ ಬ್ಯಾಲೆನ್ಸ್ ಮೋಡ್‌ನಲ್ಲಿ, ಇಡುವುದು ಸೆಲ್‌ಗೆ 3.8 ವೋಲ್ಟ್‌ನಲ್ಲಿ. ಶನಿವಾರ ತುಂಬಿಸಿ ಮಳೆ ಬಂತೆಂದು ಹಾಗೇ ಬಿಟ್ಟ ಪ್ಯಾಕೇ ಮೊದಲು ಉಬ್ಬುವುದು. ಕರೆಂಟ್ ಹೋಗಿ ಬಂದಾಗ ಕೆಲವು ಚಾರ್ಜರ್‌ಗಳು ತಾವಾಗಿ ಮುಂದುವರಿಯುವುದಿಲ್ಲ, ಡಿಸ್ಪ್ಲೇ ನೋಡದೆ ಪ್ಯಾಕ್ ತೆಗೆಯಬೇಡಿ. ಉಬ್ಬಿದ್ದನ್ನು ಕಸದ ಆಟೋಗೆ ಹಾಕದೆ, ಪೂರ್ತಿ ಖಾಲಿ ಮಾಡಿ ಇ-ವೇಸ್ಟ್ ಪಡೆಯುವವರಿಗೆ ಕೊಡಿ.

ಹಾರಿಸುವ ಜಾಗವೇ ದೊಡ್ಡ ತಲೆನೋವು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ದಾಟಿ 2 ಕೆ.ಜಿ.ವರೆಗಿನದು ಮೈಕ್ರೊ, ವಾಣಿಜ್ಯ ಬಳಕೆ ಅಲ್ಲದಿದ್ದರೆ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಹೀಗೆ ಸುತ್ತಲೂ ವಿಮಾನ ಓಡಾಟ ಇರುವುದರಿಂದ ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆ ನೋಡದೆ ಬ್ಯಾಟರಿ ಸಿಕ್ಕಿಸುವಂತಿಲ್ಲ. ಗಾಗಲ್ಸ್ ಹಾಕಿದವರ ಪಕ್ಕ ಬರಿಗಣ್ಣಲ್ಲಿ ಡ್ರೋನ್ ನೋಡುತ್ತಿರುವವರು ಒಬ್ಬರು ಇರಲಿ.

ಕೊಳ್ಳುವವರು ಮೊದಲ ಆರ್ಡರ್‌ನಲ್ಲೇ ಇವನ್ನೂ ಸೇರಿಸಿಕೊಳ್ಳಿ: ಆರ್ಮ್ ಎರಡು, ಮೋಟರ್ ಒಂದು, ಪ್ರಾಪ್ ಹತ್ತು ಸೆಟ್, ಎಂ5 ನೈಲಾನ್ ನಟ್ ಎಂಟು, ವಿಟಿಎಕ್ಸ್ ಆಂಟೆನಾ ಒಂದು, ಬ್ಯಾಟರಿ ಪಟ್ಟಿ ಎರಡು. ಪ್ರಾಪ್ ನಟ್ಟಿಗೆ 8 ಮಿ.ಮೀ. ಸ್ಪ್ಯಾನರ್ ಬೇಕು. ಎರಡು ಬ್ಯಾಟರಿಗೇ ಹೊರಡಬೇಡಿ, ನಾಲ್ಕಾದರೂ ಇಲ್ಲದಿದ್ದರೆ ಮೈದಾನದವರೆಗಿನ ಟ್ರಾಫಿಕ್ಕಿಗೆ ಬೆಲೆ ಹುಟ್ಟುವುದಿಲ್ಲ.