ಗಿಟಾರಿನ ನೆಕ್: ಡವ್‌ಟೇಲ್ ಜೋಡಣೆಯೋ, ಬೋಲ್ಟ್ ಜೋಡಣೆಯೋ?

ಮನೆಯ ಕಾರ್ಯಾಗಾರದಲ್ಲಿ ಅಕೂಸ್ಟಿಕ್ ಗಿಟಾರ್ ಕಟ್ಟಲು ಹೊರಟವರು, ನೆಕ್ಕನ್ನು (ತಂತಿಗಳು ಹಾಯುವ ಉದ್ದನೆಯ ಹಿಡಿಕೆ) ಒಡಲಿಗೆ ಹೇಗೆ ಸೇರಿಸುವುದೆಂಬುದನ್ನು ಮರ ಕೊಯ್ಯುವ ಮೊದಲೇ ನಿರ್ಧರಿಸಿಕೊಳ್ಳಬೇಕು. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ ಭಾರಕ್ಕೆ ಸಮವಾಗಿರುವುದರಿಂದ ಇದು ಬರೀ ಅಂದದ ಪ್ರಶ್ನೆಯಲ್ಲ.

ಡವ್‌ಟೇಲ್ ಪದ್ಧತಿಯಲ್ಲಿ ನೆಕ್ಕಿನ ಬುಡದಲ್ಲಿ ಬೆಣೆಯಾಕಾರದ ನಾಲಿಗೆಯನ್ನು ಕೆತ್ತಿ, ಒಡಲಿನ ದಿಮ್ಮಿಯಲ್ಲಿ ಕೊರೆದ ತೋಡಿಗೆ ಅಂಟಿನಿಂದ ಕೂಡಿಸುತ್ತಾರೆ. ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರುಗಳ ಸಾಂಪ್ರದಾಯಿಕ ವಿಧಾನ ಇದೇ. ಕಷ್ಟವಿರುವುದು ಕೆತ್ತುವುದರಲ್ಲಲ್ಲ, ಹೊಂದಿಸುವುದರಲ್ಲಿ. ಕೋನ, ನಡುಗೆರೆ, ಬಿಗಿತ ಮೂರೂ ಒಟ್ಟಿಗೇ ಸರಿಹೋಗಬೇಕಾದ್ದರಿಂದ, ಸಂದಿಗೆ ಸೀಮೆಸುಣ್ಣ ಸವರಿ, ಕೂಡಿಸಿ ತೆಗೆದು, ಗುರುತು ಬಿದ್ದಲ್ಲಿ ಮಾತ್ರ ಉಳಿಯಿಂದ ತೆಳುವಾಗಿ ಹೆರೆಯುತ್ತ ಹೋಗಬೇಕು. ಒಂದು ಬದಿಯಲ್ಲಿ ತುಸು ಹೆಚ್ಚು ಹೆರೆದರೂ ನೆಕ್ ಪಕ್ಕಕ್ಕೆ ತಿರುಗಿ, ಕೊನೆಯ ತಂತಿ ಫ್ರೆಟ್‌ಬೋರ್ಡಿನ (ನೆಕ್ಕಿನ ಮೇಲೆ ಬೆರಳೊತ್ತುವ ಪಟ್ಟಿ) ಅಂಚಿಗೆ ಸರಿಯುತ್ತದೆ.

ಬೋಲ್ಟ್ ಪದ್ಧತಿಯಲ್ಲಿ ನೆಕ್ಕಿನ ಬುಡದೊಳಗೆ ತಿರುಪುಳ್ಳ ಲೋಹದ ಕೊಳವೆಗಳನ್ನು ಕೂರಿಸಿ, ಧ್ವನಿರಂಧ್ರದ ಮೂಲಕ ಕೈಹಾಕಿ ಬೋಲ್ಟುಗಳನ್ನು ಬಿಗಿಯುವುದರಿಂದ, ತಪ್ಪಿದ್ದನ್ನು ಬಿಚ್ಚಿ ತಿದ್ದಲು ಅವಕಾಶವಿದೆ. ವರ್ಷಗಳು ಕಳೆದಂತೆ ತಂತಿಗಳು ಮೇಲೆದ್ದು ನೆಕ್ಕಿನ ಕೋನವನ್ನು ಮತ್ತೆ ಹೊಂದಿಸಬೇಕಾದಾಗ, ಡವ್‌ಟೇಲ್ ಸಂದಿಯ ಅಂಟು ಬಿಡಿಸಲು ಹಬೆ ಹಾಯಿಸಬೇಕು. ಬೋಲ್ಟ್ ಪದ್ಧತಿಯಲ್ಲಾದರೆ ಬೋಲ್ಟ್ ಸಡಿಲಿಸಿ, ಫ್ರೆಟ್‌ಬೋರ್ಡಿನ ತುದಿ ಅಂಟಿಸಿದ್ದಾಗಿದ್ದರೆ ಅದನ್ನಷ್ಟೇ ಬಿಸಿಮಾಡಿ ಬಿಡಿಸಿದರಾಯಿತು.

ಡವ್‌ಟೇಲಿನ ನಾದವೇ ಮೇಲು ಎನ್ನುವವರಿದ್ದಾರೆ (ಅಷ್ಟು ಹೆರೆದ ಮೇಲೆ ಹಾಗೆ ಅನ್ನಿಸುವುದು ಸಹಜ), ಆದರೆ ಮೇಲ್ಹಲಗೆಯ ದಪ್ಪ ಮತ್ತು ಬ್ರೇಸುಗಳ (ಹಲಗೆಯ ಒಳಬದಿಗೆ ಅಂಟಿಸುವ ಆಧಾರಪಟ್ಟಿಗಳು) ಆಕಾರದ ಮುಂದೆ ಆ ವ್ಯತ್ಯಾಸ ಗೌಣವೆಂದೇ ನನ್ನ ಅಭಿಪ್ರಾಯ. ಮೊದಲ ಗಿಟಾರಿಗೆ ಬೋಲ್ಟ್ ಸಾಕು. ಉಳಿಯಲ್ಲಿ ಕೈ ಪಳಗಿದವರು, ಹಳೆಯ ವಾದ್ಯದ ಪ್ರತಿರೂಪವನ್ನೇ ಕಟ್ಟಬಯಸುವವರು ಡವ್‌ಟೇಲನ್ನು ಆರಿಸಿಕೊಳ್ಳಬಹುದು.