ತೊಗರಿ ಹೊಲದಲ್ಲಿ ಗಿಡ ಎಣಿಸಲು ಚೌಕಟ್ಟು ಬೇಕೋ, ಹಗ್ಗ ಸಾಕೋ?

ಒಂದು ಎಕರೆ ತೊಗರಿಯಲ್ಲಿ ಎಷ್ಟು ಗಿಡ ಇವೆ ಅಂತ ಒಂದೊಂದೇ ಎಣಿಸಲು ಆಗುವುದಿಲ್ಲ. ಅಲ್ಲಲ್ಲಿ ಒಂದಿಷ್ಟು ಜಾಗ ಅಳೆದು, ಅದರೊಳಗಿನ ಗಿಡ ಎಣಿಸಿ, ಸರಾಸರಿ ತೆಗೆದು ಇಡೀ ಹೊಲಕ್ಕೆ ಗುಣಿಸಬೇಕು. ಇದೇ ಕ್ವಾಡ್ರಾಟ್ ವಿಧಾನ. ಆಳಂದ ಕಡೆಯ ನಮ್ಮ ಎರೆ ಹೊಲದಲ್ಲಿ ಇದನ್ನು ಪೈಪಿನ ಚೌಕಟ್ಟು, ರಿಂಗು, ಉದ್ದನೆ ಪಟ್ಟಿ, ಬರೀ ಹಗ್ಗ, ಹೀಗೆ ಬೇರೆ ಬೇರೆ ರೀತಿ ಮಾಡಿ ನೋಡಿದ್ದೇನೆ.

ಪುಸ್ತಕದಲ್ಲಿ ಮೊದಲು ಸಿಗುವುದು ಒಂದು ಮೀಟರ್ ಚೌಕ. ಅರ್ಧ ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ ಇದ್ದರೆ ಆಯಿತು. ಒಂದು ಬದಿಯ ಪೈಪನ್ನು ಅಂಟಿಸದೆ ಬಿಡಿ. ತೊಗರಿ ಸೊಂಟದೆತ್ತರ ಬಂದ ಮೇಲೆ ಚೌಕಟ್ಟನ್ನು ಮೇಲಿಂದ ಇಳಿಸಲು ಆಗಲ್ಲ, ಪಕ್ಕದಿಂದ ತೂರಿಸಬೇಕು.

ಆದರೆ ಸಾಲು ಬಿತ್ತನೆಯಲ್ಲಿ ಈ ಚೌಕ ಕೈಕೊಡುತ್ತದೆ. ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಇದೆ ಅಂದುಕೊಳ್ಳಿ. ಲೆಕ್ಕದ ಪ್ರಕಾರ ಎಕರೆಗೆ ಸುಮಾರು 15,000 ಗಿಡ. ಚೌಕಟ್ಟನ್ನು ಸಾಲು ನಡುವೆ ಬರುವಂತೆ ಇಟ್ಟರೆ ಒಳಗೆ ಒಂದೇ ಸಾಲು ಸಿಗುತ್ತದೆ, ಎಕರೆಗೆ 13,500 ಬರುತ್ತದೆ. ಅಂಚು ಒಂದು ಸಾಲಿಗೆ ತಾಗುವಂತೆ ಇಟ್ಟರೆ ಎರಡು ಸಾಲು ಒಳಗೆ ಬಿದ್ದು 27,000 ಆಗುತ್ತದೆ! ಹೊಲ ಅದೇ, ಗಿಡವೂ ಅವೇ. ಒಂದು ಮೊಳ ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಗಿಡ ಎಣಿಸುವವರ ಕೈ ತನಗೆ ಗೊತ್ತಿಲ್ಲದೆಯೇ ಚೌಕಟ್ಟನ್ನು ಚೆಂದವಾಗಿ, ಸಾಲು ಅದರ ನಡುವೆ ಬರುವಂತೆಯೇ ಇಡುತ್ತದೆ. ಹಾಗಾಗಿ ಪ್ರತಿ ಸಲವೂ ನೂರಕ್ಕೆ ಹತ್ತು ಕಡಿಮೆ ಬರುತ್ತಾ ಹೋಗುತ್ತದೆ.

ಇಲ್ಲಿ ನನ್ನ ಮತ ಹಗ್ಗಕ್ಕೇ. 90 ಸೆಂ.ಮೀ. ಸಾಲಿಗೆ ನಾಲ್ಕೂವರೆ ಮೀಟರ್ ಹಗ್ಗ ಕತ್ತರಿಸಿ. ಅಷ್ಟು ಉದ್ದದ ಸಾಲು ಅಂದರೆ ಎಕರೆಯ ಸಾವಿರದಲ್ಲಿ ಒಂದು ಪಾಲು. ಹಗ್ಗದ ಉದ್ದಕ್ಕೆ 13 ಗಿಡ ಸಿಕ್ಕರೆ ಮೂರು ಸೊನ್ನೆ ಸೇರಿಸಿ, ಎಕರೆಗೆ 13,000. 60 ಸೆಂ.ಮೀ. ಸಾಲಾದರೆ ಹಗ್ಗ 6.75 ಮೀಟರ್, 120 ಆದರೆ 3.37. ಕೂರಿಗೆ ತಿರುಗಿದ ಕಡೆ ಸಾಲಿನ ಅಂತರ ಹೆಚ್ಚುಕಡಿಮೆ ಇರುತ್ತದೆ ಅಲ್ವಾ? ಅದಕ್ಕೆ ಒಂದೇ ಅಂತರ ಅಳೆದು ನಂಬಬೇಡಿ. ಹನ್ನೊಂದು ಸಾಲಿನ ಅಗಲ ಅಳೆದು ಹತ್ತರಿಂದ ಭಾಗಿಸಿ.

ನೆಟೆ ರೋಗ ಬಿದ್ದ ಹೊಲದಲ್ಲಂತೂ ಹಗ್ಗ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಈ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ, ಗಿಡಗಳು ಗುಂಪು ಗುಂಪಾಗಿ ಒಣಗುತ್ತವೆ. ಕಾಂಡದ ಸಿಪ್ಪೆ ಹೆರೆದು ನೋಡಿ, ಒಳಗೆ ಕಂದು-ಕಪ್ಪು ಗೆರೆ ಕಾಣುತ್ತದೆ. ಚೌಕಟ್ಟು ಒಮ್ಮೆ ಪೂರ್ತಿ ಒಣಗಿದ ಜಾಗದಲ್ಲಿ ಬೀಳುತ್ತದೆ, ಒಮ್ಮೆ ಪೂರ್ತಿ ಹಸಿರಿನಲ್ಲಿ. ಉದ್ದ ಹಗ್ಗ ಎರಡನ್ನೂ ದಾಟಿ ಹೋಗುತ್ತದೆ. ಒಟ್ಟು ಗಿಡ ಬೇರೆ, ಒಣಗಿದ್ದು ಬೇರೆ ಬರೆದುಕೊಳ್ಳಿ.

"ಅರ್ಧಕ್ಕರ್ಧ ಹೊಲ ಒಣಗ್ಯಾದ, ಮತ್ತೇನ್ ಎಣಸ್ತಿಯೋ?" ಅಂತ ನಮ್ಮ ಕಾಕಾ ಕೇಳುತ್ತಿದ್ದರು. ಅವರ ಸಂಕಟ ನನಗೂ ಗೊತ್ತು. ಆದರೆ ಬದುವಿನ ಮೇಲೆ ನಿಂತವರ ಕಣ್ಣಿಗೆ ಹತ್ತಿರದ ಒಣಗಿದ ಗಿಡವೇ ಜಾಸ್ತಿ ಕಾಣುತ್ತದೆ. ಅಮೆರಿಕದ ನೆಬ್ರಾಸ್ಕ ಹುಲ್ಲುಗಾವಲಿನಲ್ಲಿ ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬ ಸಸ್ಯವಿಜ್ಞಾನಿಗಳು 1898ರ ಹೊತ್ತಿಗೇ ಜಾಗ ಅಳೆದು ಗಿಡ ಎಣಿಸಲು ಶುರು ಮಾಡಿದ್ದು ಕಣ್ಣಂದಾಜು ನಂಬಲಾಗದು ಎಂದೇ.

ಬೀಳು ಬಿಟ್ಟ ಜಾಗದ ಕಾಂಗ್ರೆಸ್ ಕಸಕ್ಕೆ ಸಾಲಿಲ್ಲ, ಆದ್ದರಿಂದ ಈ ಹಗ್ಗದ ಲೆಕ್ಕ ನಡೆಯಲ್ಲ. ಅಲ್ಲಿ 25 ಸೆಂ.ಮೀ. ಅಗಲ, 4 ಮೀಟರ್ ಉದ್ದದ ಪಟ್ಟಿ ಹಾಕಿ. ಅದೂ ಒಂದು ಚದರ ಮೀಟರೇ. ಚೌಕದಲ್ಲಿ 0, 0, 11, 1 ಅಂತ ಕುಣಿಯುವ ಎಣಿಕೆ ಪಟ್ಟಿಯಲ್ಲಿ 2, 4, 3, 3 ಅಂತ ಹತ್ತಿರ ಹತ್ತಿರ ಬರುತ್ತದೆ. ತೊಂದರೆ ಇರುವುದು ಅಂಚಿನಲ್ಲಿ. ಚೌಕದ ಸುತ್ತಳತೆ 4 ಮೀಟರ್, ಪಟ್ಟಿಯದು 8.5. ಗೆರೆ ಮೇಲೆ ಬೀಳುವ ಗಿಡ ಜಾಸ್ತಿ. ಬುಡ ಎಲ್ಲಿದೆ ಅಂತ ನೋಡಿ, ಎಡಕ್ಕೂ ಕೆಳಕ್ಕೂ ಗೆರೆ ಮೇಲಿರುವ ಗಿಡ ಸೇರಿಸಿ, ಉಳಿದೆರಡು ಬದಿಯದು ಬಿಡಿ. ಇದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು.

ಅದೇ ಒಂದು ಚದರ ಮೀಟರಿನ ರಿಂಗಿಗೆ ಅಂಚು ಕಡಿಮೆ, ಮೂರೂವರೆ ಮೀಟರ್ ಚಿಲ್ಲರೆ. ಸಣ್ಣ ಮೊಳಕೆಗೆ ಚೆನ್ನಾಗಿದೆ. ಎತ್ತರದ ಗಿಡಕ್ಕೆ ಉಪಯೋಗವಿಲ್ಲ.

ಯಾವುದನ್ನೇ ಹಿಡಿಯಿರಿ, ಸುಮ್ನೆ ಬೀಸಿ ಎಸೆಯಬೇಡಿ. ಎಸೆಯುವ ಕೈ ಮುಳ್ಳು, ಕೆಸರು ತಪ್ಪಿಸುತ್ತದೆ. ಜೇಬಿನ ಹತ್ತು ರೂಪಾಯಿ ನೋಟಿನ ನಂಬರಿನ ಕೊನೆಯ ಎರಡು ಅಂಕಿಯಷ್ಟು ಹೆಜ್ಜೆ ಬದುವಿನ ಉದ್ದಕ್ಕೆ ನಡೆಯಿರಿ, ಇನ್ನೊಂದು ನೋಟಿನಷ್ಟು ಹೆಜ್ಜೆ ಒಳಕ್ಕೆ ಹೋಗಿ. ಹೊಲದಾಚೆ ಹೋದರೆ ಬೇರೆ ನೋಟು ತೆಗೆಯಿರಿ. ಪ್ರತಿ ಎಣಿಕೆ ಆದ ಮೇಲೆ ಅಲ್ಲಿಯವರೆಗಿನ ಸರಾಸರಿ ಬರೆಯುತ್ತಾ ಬನ್ನಿ. ಮೊದಮೊದಲು ಅದು ಏರುಪೇರಾಗುತ್ತದೆ. ಹೊಸ ಎಣಿಕೆ ಸೇರಿಸಿದರೂ ಹೆಚ್ಚು ಅಲುಗಾಡದೇ ನಿಂತಾಗ ಹಗ್ಗ ಸುತ್ತಿಡಬಹುದು.